ಕೈಮ ಉಂಡೆ ಲೆಕ್ಕಕ್ಕೆ ಬರುತ್ತಾ?

ಕಳೆದ ಒಂದು ವರ್ಷದಲ್ಲಿ ನೀವು ಎಷ್ಟು ಸಲ ಮಟನ್ ತಿಂದಿದ್ದೀರಿ? ನಾನೂ ಲೆಕ್ಕ ಹಾಕಲು ಕೂತೆ. ಹೊಸತೊಡಕಿನ ದಿನ ಎರಡು ಹೊತ್ತೂ ಉಂಡಿದ್ದು ನೆನಪಿದೆ, ಮರುದಿನ ಬೆಳಿಗ್ಗೆ ಉಳಿದ ಸಾರಿಗೆ ಇಡ್ಲಿ ಅದ್ದಿದ್ದೂ ನೆನಪಿದೆ. ಶ್ರಾವಣದಲ್ಲಿ ಮುಟ್ಟಿಲ್ಲ. ಮಿಕ್ಕ ಭಾನುವಾರಗಳು? ಒಂದೂ ನೆನಪಿಲ್ಲ. ಸುಮ್ನೆ "ವಾರಕ್ಕೊಂದು ಸಲ" ಅಂತ ಬರೆದೆ. "ಕೈಮ ಉಂಡೆ ಲೆಕ್ಕಕ್ಕೆ ಬರಲ್ವಾ?" ಅಂದರು ಅಮ್ಮ.

ಮಟನ್‌ನಂಥ ಕೆಂಪು ಮಾಂಸದಿಂದ ಆಯಸ್ಸು ಕಡಿಮೆ ಅನ್ನುವ ಸುದ್ದಿಗಳ ಬುಡದಲ್ಲಿ ಹೆಚ್ಚಾಗಿ ಇರುವುದು ಇಂಥ ಉತ್ತರಗಳೇ. ಅಮೆರಿಕದಲ್ಲಿ 1976ರಲ್ಲಿ ಶುರುವಾದ ನರ್ಸ್‌ಗಳ ಅಧ್ಯಯನಕ್ಕೆ 1,21,700 ಮಂದಿ ಸೇರಿದ್ದರು. 1980ರಲ್ಲಿ ಅವರ ಕೈಗೆ 61 ತಿನಿಸುಗಳ ಪಟ್ಟಿ ಬಂತು. ಒಂದೊಂದನ್ನೂ ಎಷ್ಟು ಸಲ ತಿಂದಿರಿ ಅಂತ ನೆನಪಿನಿಂದಲೇ ಗುರುತು ಹಾಕಬೇಕು.

2012ರಲ್ಲಿ ಹಾರ್ವರ್ಡ್‌ನವರು ಈ ನರ್ಸ್‌ಗಳ ಜೊತೆ ಇನ್ನೊಂದು ಅಧ್ಯಯನದ ಗಂಡಸರನ್ನೂ ಸೇರಿಸಿ ಲೆಕ್ಕ ಹಾಕಿದರು. ದಿನಕ್ಕೊಂದು ಪಾಲು ಕೆಂಪು ಮಾಂಸ ಜಾಸ್ತಿ ತಿನ್ನುವವರಲ್ಲಿ ಸಾವಿನ ಅಪಾಯ ಶೇ. 13 ಹೆಚ್ಚು. ಆದರೆ ಅದೇ ವರದಿಯ ಪ್ರಕಾರ ಮಾಂಸ ಜಾಸ್ತಿ ತಿನ್ನುವವರಲ್ಲಿ ಸಿಗರೇಟೂ ಜಾಸ್ತಿ, ತೂಕವೂ ಜಾಸ್ತಿ, ವ್ಯಾಯಾಮ ಕಡಿಮೆ.

ಇಲ್ಲೇ ನನಗೆ ಮಜಾ ಬರೋದು. ಕಜ್ಜಾಯ ತಿಂದ ಮಕ್ಕಳಿಗೇ ಕೈ ಸುಡೋದು ಜಾಸ್ತಿ, ಗಮನಿಸಿದ್ದೀರಾ? ಕಜ್ಜಾಯದ ತಪ್ಪಲ್ಲ, ಅವತ್ತು ದೀಪಾವಳಿ, ಪಟಾಕಿ ಇತ್ತು. ಊರಲ್ಲಿ ಕೊಡೆಗಳು ಜಾಸ್ತಿ ಕಂಡ ವಾರವೇ ಕೆರೆ ತುಂಬುತ್ತದೆ, ಹಾಗಂತ ಕೆರೆ ತುಂಬಿಸಿದ್ದು ಕೊಡೆನಾ? ಸಂಶೋಧಕರಿಗೂ ಇದು ಗೊತ್ತು, ಸಿಗರೇಟಿನ ಪಾಲು, ತೂಕದ ಪಾಲು ಎಲ್ಲ ಕಳೆದೇ ಆ 13 ಬಂದಿದ್ದು. ಆದರೆ ಕುದಿಯುವ ಸಾರಿನಿಂದ ಉಪ್ಪನ್ನು ಮಾತ್ರ ವಾಪಸ್ ತೆಗೆಯೋದು ಎಷ್ಟು ಕಷ್ಟ ಅಂತ ಅಡುಗೆ ಮಾಡಿದವರನ್ನು ಕೇಳಿ. ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರ್ ವಿಷಯದಲ್ಲಿ ಈ ತಲೆನೋವು ಇರಲಿಲ್ಲ. ಅಲ್ಲಿ ಅಪಾಯ ಹತ್ತಿಪ್ಪತ್ತು ಪಟ್ಟು, ತಮಟೆ ಹೊಡೆದ ಹಾಗೆ. ಶೇ. 13 ಅಂದರೆ ಜಾತ್ರೆಯಲ್ಲಿ ಪಿಸುಮಾತು.

ಹಾಗಾದರೆ ಅರ್ಧ ಜನಕ್ಕೆ ಮಾಂಸ ಕೊಟ್ಟು, ಅರ್ಧ ಜನಕ್ಕೆ ಬಿಡಿಸಿ ನೋಡಬಹುದಲ್ವಾ? ಕಾಯಿಲೆ ಬರಲು ವರ್ಷಗಟ್ಟಲೆ ಬೇಕು, ಅಲ್ಲಿಯವರೆಗೆ ಹೇಳಿದಂತೆ ಉಣ್ಣುವವರು ಯಾರು? ಅಮೆರಿಕದಲ್ಲಿ 48,835 ಹೆಂಗಸರ ಮೇಲೆ ಕೊಬ್ಬು ಕಡಿಮೆ ಮಾಡಿಸುವ ಪ್ರಯೋಗ ನಡೆಯಿತು. ಊಟದ ಒಟ್ಟು ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲು ಶೇ. 20ಕ್ಕೆ ಇಳಿಯಬೇಕು ಅನ್ನೋದು ಗುರಿ. ಮೊದಲ ವರ್ಷ 24ಕ್ಕೆ ಇಳಿಸಿದರು, ಆರನೇ ವರ್ಷಕ್ಕೆ ಮತ್ತೆ 29. ಬೈಯಬೇಡಿ, ನಾವು ಜನವರಿ 1ಕ್ಕೆ ಸಕ್ಕರೆ ಬಿಡೋದೂ ಹೀಗೇ.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ಸಿಗರೇಟಿನ ಗುಂಪಿಗೇ ಸೇರಿಸಿತು. ವಾಟ್ಸ್‌ಆ್ಯಪ್‌ನಲ್ಲಿ ಅದು "ಮಾಂಸವೂ ಸಿಗರೇಟೂ ಒಂದೇ" ಆಯಿತು. ಆ ಗುಂಪು ಹೇಳೋದು ಸಾಕ್ಷಿ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತಲ್ಲ. ಬರೀ ಕೆಂಪು ಮಾಂಸ ಒಂದು ಮೆಟ್ಟಿಲು ಕೆಳಗೆ, "ಬಹುಶಃ" ಅನ್ನುವ ಗುಂಪಿನಲ್ಲಿದೆ. 2019ರಲ್ಲಿ ಇನ್ನೊಂದು ತಜ್ಞರ ತಂಡ, ಇರುವ ಸಾಕ್ಷಿ ದುರ್ಬಲ, ಈಗ ತಿನ್ನುವಷ್ಟು ತಿನ್ನಿ ಅಂದಾಗ ಮಾಂಸಪ್ರಿಯರು ಕುಣಿದಾಡಿದರು. ಸಾಕ್ಷಿ ದುರ್ಬಲ ಅಂದರೆ ಅಪಾಯವೇ ಇಲ್ಲ ಅಂತಲೂ ಅಲ್ಲವಲ್ಲ!

ಇನ್ನೂ ಒಂದು ಕೊಕ್ಕೆ ಇದೆ. ಮಾಂಸ ಬಿಟ್ಟವರು ಆ ಜಾಗಕ್ಕೆ ಏನು ತಿಂದರು? 2012ರ ಆ ಲೆಕ್ಕದಲ್ಲೇ, ಒಂದು ಪಾಲು ಕೆಂಪು ಮಾಂಸದ ಬದಲು ಮೀನು ತಿಂದರೆ ಸಾವಿನ ಅಪಾಯ ಶೇ. 7 ಕಡಿಮೆ, ಕಾಳು ತಿಂದರೆ 10, ಕೋಳಿಗೆ 14, ಬಾದಾಮಿಯಂಥ ಬೀಜಗಳಿಗೆ 19. ಬಿಟ್ಟಿದ್ದು ಅದೇ ಮಾಂಸ. ಇನ್ನು ಮಟನ್ ಬಿಟ್ಟು ಬೇಕರಿ ಪಫ್ಸ್ ಹಿಡಿದವರ ಲೆಕ್ಕ ಬೇರೆಯೇ ಹಾಕಬೇಕು.