ಆಷಾಢದ ಯೂನಿಟ್ಟಿಗೆ ಬೆಲೆ ಎಷ್ಟು?

ಕಳೆದ ಜುಲೈನಲ್ಲಿ ಹೊಸನಗರ ತಾಲ್ಲೂಕಿನ ಒಂದು ಒಂಟಿಮನೆಗೆ ಹೋಗಿದ್ದೆ. ಮತ್ತಿಮರವೊಂದು 11 ಕೆ.ವಿ. ಲೈನಿನ ಮೇಲೆ ಬುಡಸಮೇತ ಮಗುಚಿ ಎರಡು ಕಂಬಗಳು ಮುರಿದಿದ್ದವು. ಲೈನ್‌ಮನ್‌ಗಳು ಮೂರು ದಿನಗಳಿಂದ ಆ ಮಳೆಯಲ್ಲೇ ಹೆಣಗುತ್ತಿದ್ದರೂ ಊರಿಗೆ ಕರೆಂಟು ಬಂದಿರಲಿಲ್ಲ. ಹಿಂದಿನ ವರ್ಷವಷ್ಟೇ ಹಾಕಿಸಿದ್ದ 3 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್‌ಗಳು ಮಾಡಿನ ಮೇಲೆ ಮಳೆಗೆ ತೊಳೆದು ಹೊಳೆಯುತ್ತಿದ್ದವು, ಕೊಟ್ಟಿಗೆಯ ಪಕ್ಕದಲ್ಲಿ ಡೀಸೆಲ್ ಜನರೇಟರ್ ಗುಡುಗುಡು ಎನ್ನುತ್ತಿತ್ತು. "ಲಕ್ಷ ಚಿಲ್ಲರೆ ಸುರಿದದ್ದು ಈ ಹೊಗೆ ತಪ್ಪಲಿ ಅಂತ. ಈಗ ನೋಡಿ, ಸೋಲಾರೂ ಇದೆ, ಡೀಸೆಲ್ಲೂ ತರ್ತಾ ಇದೀನಿ. ಹಂಗಾದ್ರೆ ನಾನು ಬದಲಾಯಿಸಿದ್ದು ಏನನ್ನ, ಇಂಜಿನಿಯರ್ರೇ?" ಎಂದು ಮನೆಯ ಯಜಮಾನರು ಕೇಳಿದರು.

ಶಿವಮೊಗ್ಗದಲ್ಲಿ ಕುಳಿತು ಮನೆ, ತೋಟ, ಸಣ್ಣ ಕಾರ್ಖಾನೆಗಳ ವಿದ್ಯುತ್ ವ್ಯವಸ್ಥೆಯನ್ನು ವಿನ್ಯಾಸ ಮಾಡಿಕೊಡುವ ನನಗೆ ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಪ್ರತಿ ಮಳೆಗಾಲವೂ ಎದುರಾಗುತ್ತದೆ. ವರ್ಷಕ್ಕೆ ಇಷ್ಟು ಯೂನಿಟ್ ಉತ್ಪಾದನೆ, ಇಷ್ಟು ವರ್ಷಕ್ಕೆ ಹಾಕಿದ ಬಂಡವಾಳ ವಾಪಸ್ ಎಂಬ ಲೆಕ್ಕ ಮಾರುವವರ ಕರಪತ್ರದಲ್ಲಿ ಇರುತ್ತದೆ, ಮತ್ತು ಅದು ಸುಳ್ಳೂ ಅಲ್ಲ. ಆದರೆ ಮಲೆನಾಡಿನಲ್ಲಿ ಕೇಳಬೇಕಾದ ಪ್ರಶ್ನೆ ವರ್ಷದ ಸರಾಸರಿಯದ್ದಲ್ಲ. ಆಷಾಢದ ಒಂದು ರಾತ್ರಿ, ಲೈನ್ ಬಿದ್ದಿರುವಾಗ, ನಮ್ಮ ಮನೆಯಲ್ಲಿ ಉರಿಯುವ ಒಂದು ಯೂನಿಟ್ಟಿಗೆ ಎಷ್ಟು ಬೆಲೆ ಬೀಳುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಆ ಮನೆಯ ಪ್ಯಾನೆಲ್ ಏಕೆ ಸುಮ್ಮನಿತ್ತು ಎಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಹಾಕಿಸುವಾಗ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಬ್ಯಾಟರಿಯಿಲ್ಲದೆ ನೇರವಾಗಿ ಮೆಸ್ಕಾಂ ಲೈನಿಗೆ ಜೋಡಿಸುವ ಆನ್‌ಗ್ರಿಡ್ ವ್ಯವಸ್ಥೆಯಲ್ಲಿ ಲೈನ್ ಸತ್ತ ಕೂಡಲೇ ಇನ್‌ವರ್ಟರ್ ತಾನಾಗಿಯೇ ನಿಂತುಹೋಗುತ್ತದೆ. ಅದು ದೋಷವಲ್ಲ, ಸುರಕ್ಷತೆಗಾಗಿ ಬೇಕೆಂದೇ ಮಾಡಿದ ಏರ್ಪಾಡು: ನಮ್ಮ ಮನೆಯ ಪ್ಯಾನೆಲ್ಲಿನ ಕರೆಂಟು ಹಿಂದಕ್ಕೆ ಹರಿದರೆ ಕಂಬ ಹತ್ತಿ ತಂತಿ ಮುಟ್ಟಿದ ಲೈನ್‌ಮನ್ ಬದುಕಿ ಉಳಿಯುವುದಿಲ್ಲ. ಹಾಗಾಗಿ ಆನ್‌ಗ್ರಿಡ್ ಸೋಲಾರ್ ಬಿಲ್ಲನ್ನು ಇಳಿಸುತ್ತದೆಯೇ ಹೊರತು ಕತ್ತಲೆಯನ್ನು ಕಳೆಯುವುದಿಲ್ಲ. ಆ ಯಜಮಾನರಿಗೆ ಬೇಕಾಗಿದ್ದದ್ದು ಎರಡನೆಯದು, ಅವರು ಕೊಂಡಿದ್ದು ಮೊದಲನೆಯದು.

ಬಿಲ್ಲಿನ ಲೆಕ್ಕವನ್ನಾದರೂ ನೋಡೋಣ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಒಟ್ಟು ವೆಚ್ಚ ಎರಡು ಲಕ್ಷದ ಆಸುಪಾಸು ಎಂದುಕೊಂಡರೆ ನಮ್ಮ ಕೈಯಿಂದ ಬೀಳುವುದು ಸುಮಾರು 1.2 ಲಕ್ಷ. ಘಟ್ಟದ ಅಂಚಿನ ತಾಲ್ಲೂಕುಗಳಲ್ಲಿ ಮೋಡ, ಮರದ ನೆರಳು, ಪ್ಯಾನೆಲ್ ಮೇಲೆ ಕೂರುವ ಪಾಚಿ ಎಲ್ಲವನ್ನೂ ಕಳೆದು ನಾನು ಕಿಲೋವ್ಯಾಟಿಗೆ ವರ್ಷಕ್ಕೆ 1200 ಯೂನಿಟ್ಟಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅಂದರೆ ವರ್ಷಕ್ಕೆ 3600 ಯೂನಿಟ್, ಆರು ರೂಪಾಯಿಯಂತೆ 21,600 ರೂಪಾಯಿ, ಐದೂವರೆ ಆರು ವರ್ಷಕ್ಕೆ ಅಸಲು ವಾಪಸ್. ಇಪ್ಪತ್ತು ವರ್ಷ ಬಾಳುವ ಸಾಮಾನಿಗೆ ಇದು ಒಳ್ಳೆಯ ವ್ಯಾಪಾರ. ಆದರೆ 2023ರ ಆಗಸ್ಟಿನಿಂದ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆಗೆ ಉಳಿತಾಯ ಎಲ್ಲಿಂದ ಬರಬೇಕು? ಅಂಥವರಿಗೆ ಉಳಿಯುವುದು ಲೈನಿಗೆ ಮಾರಿದ ಯೂನಿಟ್ಟಿನ ಹಣ ಮಾತ್ರ, ಮತ್ತು ಆ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. 10 ಎಚ್.ಪಿ. ತನಕದ ಪಂಪ್‌ಸೆಟ್ಟಿಗೂ ಕರೆಂಟು ಉಚಿತವಾಗಿರುವುದರಿಂದ ತೋಟದ ಕಡೆಯಿಂದಲೂ ಲೆಕ್ಕ ಕೂಡಿಬರುವುದಿಲ್ಲ. ಬಡವರಿಗೆ ಉಚಿತ ಕರೆಂಟು ಬೇಡ ಎನ್ನುವವನು ನಾನಲ್ಲ. ಉಚಿತ ಕರೆಂಟು ಇರುವ ಕಡೆ ಸೋಲಾರನ್ನು ಬಿಲ್ಲಿನ ಹೆಸರಿನಲ್ಲಿ ಮಾರುವುದು ಸರಿಯಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಡೀಸೆಲ್. ಜನರೇಟರ್ ಪೂರ್ಣ ಹೊರೆಯಲ್ಲಿ ಓಡಿದರೆ ಒಂದು ಲೀಟರಿಗೆ 3ರಿಂದ 3.5 ಯೂನಿಟ್ ಕೊಡುತ್ತದೆ. ಲೀಟರಿಗೆ 90 ರೂಪಾಯಿ ಎಂದು ಹಿಡಿದರೂ ಯೂನಿಟ್ಟಿಗೆ 26ರಿಂದ 30 ರೂಪಾಯಿ ಇಂಧನಕ್ಕೇ ಹೋಯಿತು. ಆದರೆ ಮಳೆಗಾಲದ ರಾತ್ರಿ ಯಾರ ಮನೆಯಲ್ಲಿ ಪೂರ್ಣ ಹೊರೆ ಇರುತ್ತದೆ? ಏಳೆಂಟು ದೀಪ, ಒಂದು ಫ್ರಿಜ್ಜು, ಟಿವಿ, ಮೊಬೈಲ್ ಚಾರ್ಜರ್, ಎಲ್ಲ ಸೇರಿ 400 ವ್ಯಾಟ್ ದಾಟುವುದಿಲ್ಲ. ಅಷ್ಟು ಹೊರೆಗೂ 5 ಕೆ.ವಿ.ಎ. ಯಂತ್ರ ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದೆ ಕುಡಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ ಆ ಒಂದು ಯೂನಿಟ್ಟಿಗೆ ನೂರು ರೂಪಾಯಿ ದಾಟುತ್ತದೆ, ಪೇಟೆಗೆ ಹೋಗಿ ಕ್ಯಾನು ತುಂಬಿಸಿಕೊಂಡು ಬರುವ ಜೀಪಿನ ಖರ್ಚು ಬೇರೆ. ನನ್ನ ಬಳಿ ಬರುವವರು ಹೋಲಿಸುವುದು ಮಾತ್ರ ಸೋಲಾರಿನ ಬೆಲೆಯನ್ನು ಮೆಸ್ಕಾಂ ದರದ ಜೊತೆಗೆ.

ಹೋಲಿಸಬೇಕಾದದ್ದು ಈ ನೂರು ರೂಪಾಯಿಯ ಜೊತೆಗೆ, ಮತ್ತು ಹೋಲಿಸಬೇಕಾದ ವಸ್ತು ಪ್ಯಾನೆಲ್ ಅಲ್ಲ, ಬ್ಯಾಟರಿ. ಮನೆಮನೆಯಲ್ಲಿರುವ 12 ವೋಲ್ಟಿನ, 150 ಆಂಪಿಯರ್ ಅವರ್ ಸೀಸ-ಆಮ್ಲದ ಬ್ಯಾಟರಿ ಲೆಕ್ಕಕ್ಕೆ 1.8 ಯೂನಿಟ್ಟಿನದು, ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಅಂದರೆ ಕೈಗೆ ಸಿಗುವುದು 0.9 ಯೂನಿಟ್. ಹದಿನಾರು ಸಾವಿರದ ಬ್ಯಾಟರಿ 1200 ಸಲ ಹಾಗೆ ತುಂಬಿ ಖಾಲಿಯಾದರೆ, ಕೂಡಿಟ್ಟ ಪ್ರತಿ ಯೂನಿಟ್ಟಿಗೆ ಸುಮಾರು 15 ರೂಪಾಯಿ ಬ್ಯಾಟರಿಯ ಸವಕಳಿಯೇ ಆಯಿತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಮೊದಲ ಪೆಟ್ಟು ದೊಡ್ಡದು, 5 ಯೂನಿಟ್ಟಿನದಕ್ಕೆ ಒಂದು ಲಕ್ಷದ ಆಸುಪಾಸು. ಆದರೆ ದಿನಕ್ಕೆ 4 ಯೂನಿಟ್ಟಿನಂತೆ 3000 ಸಲ ಬಳಸಿದರೂ ಯೂನಿಟ್ಟಿಗೆ 8, 9 ರೂಪಾಯಿಗೆ ಇಳಿಯುತ್ತದೆ. ಇಲ್ಲೊಂದು ಕೊಕ್ಕೆ ಇದೆ. ಈ ಲೆಕ್ಕ ಬ್ಯಾಟರಿಯನ್ನು ದಿನವೂ ಬಳಸಿದರೆ ಮಾತ್ರ ನಿಜ. ವರ್ಷಕ್ಕೆ ನಲವತ್ತು ದಿನ ಕರೆಂಟು ಹೋಗುತ್ತದೆಂದು ಇಟ್ಟುಕೊಂಡ ಬ್ಯಾಟರಿ ಉಳಿದ ದಿನಗಳಲ್ಲಿ ಸುಮ್ಮನೆ ಕುಳಿತು ಮುದಿಯಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲೂ ಸಂಜೆಯ ಹೊರೆಯನ್ನು ಅದರ ಮೇಲೆ ಹಾಕಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಹಾಗಾದರೆ ಪ್ಯಾನೆಲ್, ಬ್ಯಾಟರಿ, ಲೈನ್ ಸತ್ತಾಗಲೂ ಇವೆರಡರಿಂದ ಮನೆಗೆ ಕರೆಂಟು ಕೊಡುವ ಹೈಬ್ರಿಡ್ ಇನ್‌ವರ್ಟರ್ ಮೂರೂ ಇದ್ದರೆ ಆಷಾಢ ದಾಟಬಹುದೇ? ಶಿವಮೊಗ್ಗ ಪೇಟೆಯಲ್ಲೋ ಶಿಕಾರಿಪುರದಲ್ಲೋ ಆದರೆ ಧಾರಾಳವಾಗಿ ದಾಟಬಹುದು. ಆದರೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತಲೂ ಹೊಸನಗರದ ಪಶ್ಚಿಮಕ್ಕೂ, ಮಾರ್ಚಿನಲ್ಲಿ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಮೀರಿ ಕೊಟ್ಟ ಅದೇ ಪ್ಯಾನೆಲ್ ಜಡಿಮಳೆಯ ದಿನಗಳಲ್ಲಿ ಒಂದು ಯೂನಿಟ್ ಕೊಟ್ಟರೆ ಹೆಚ್ಚು. ಅಷ್ಟರಲ್ಲಿ ದೀಪ, ಫ್ರಿಜ್ಜು, ಫೋನು ನಡೆಯುತ್ತವೆ. ಮಿಕ್ಸಿ ಹಾಕುವ ಮುನ್ನ ಯೋಚಿಸಬೇಕು. ನೀರೆತ್ತುವ ಮೋಟಾರಿನ ಮಾತೇ ಬೇಡ.

ಆದರೆ ಅದೇ ಮಳೆ ಮನೆಯ ಹಿಂದಿನ ಗುಡ್ಡದಿಂದ ಹಳ್ಳವಾಗಿ ಇಳಿಯುತ್ತಿರುತ್ತದೆ. ಅಡಿಕೆ ಮರದ ದಂಬೆ ಕಟ್ಟಿ ಅಂಗಳಕ್ಕೆ ಅಬ್ಬಿನೀರು ತಂದುಕೊಂಡ ನಮ್ಮ ಹಿರಿಯರಿಗೆ ಎತ್ತರದ ಬೆಲೆ ಗೊತ್ತಿತ್ತು. ಸೆಕೆಂಡಿಗೆ 5 ಲೀಟರ್ ನೀರು, 30 ಮೀಟರ್ ಇಳಿತ, ಇಷ್ಟಿದ್ದರೆ ಅದರಲ್ಲಿ ಅಡಗಿರುವ ಶಕ್ತಿ ಸುಮಾರು 1470 ವ್ಯಾಟ್. ಪೈಪಿನ ತಿಕ್ಕಾಟ, ಟರ್ಬೈನಿನ ನಷ್ಟ ಎಲ್ಲ ಕಳೆದು ಅರ್ಧ ಸಿಕ್ಕರೂ 700 ವ್ಯಾಟ್. ಕಡಿಮೆ ಅನ್ನಿಸಬಹುದು, ಆದರೆ ಹಗಲು ರಾತ್ರಿ ಎನ್ನದೆ 24 ಗಂಟೆ ತಿರುಗುವುದರಿಂದ ದಿನಕ್ಕೆ 16 ಯೂನಿಟ್ ಆಗುತ್ತದೆ. ಅಷ್ಟನ್ನು ಆಷಾಢದಲ್ಲಿ ಸೋಲಾರಿನಿಂದ ಪಡೆಯಬೇಕಾದರೆ 16 ಕಿಲೋವ್ಯಾಟ್ ಪ್ಯಾನೆಲ್ ಹಾಸಬೇಕು. ಇಲ್ಲಿ ಖರ್ಚು ಟರ್ಬೈನಿಗಿಂತ ಪೈಪಿನದ್ದೇ ಹೆಚ್ಚು, ಏಕೆಂದರೆ 30 ಮೀಟರ್ ಇಳಿತಕ್ಕೆ ಕೆಲವು ಕಡೆ 100 ಮೀಟರ್, ಕೆಲವು ಕಡೆ 400 ಮೀಟರ್ ಪೈಪು ಬೇಕಾಗುತ್ತದೆ. ಹಾಗಾಗಿ ಜಾಗ ನೋಡದೆ ಬೆಲೆ ಹೇಳುವವರನ್ನು ನಂಬಬೇಡಿ. ಬಳಕೆಗಿಂತ ಹೆಚ್ಚಾದ ಕರೆಂಟನ್ನು ಎಲ್ಲಾದರೂ ಸುರಿಯಲೇಬೇಕು, ಇಲ್ಲವಾದರೆ ಟರ್ಬೈನಿನ ವೇಗ ಏರಿ ವೋಲ್ಟೇಜ್ ಕೈತಪ್ಪುತ್ತದೆ. ಆ ಹೆಚ್ಚುವರಿಯನ್ನು ಕಂಟ್ರೋಲರ್ ಮೂಲಕ ಹೀಟರ್ ಕಾಯಿಲ್‌ಗೆ ಕೊಟ್ಟು ಬಚ್ಚಲಿನ ಹಂಡೆಯ ನೀರು ಕಾಯಿಸಿಕೊಳ್ಳುವ ಮನೆಗಳಿವೆ. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗುವ ತಿಂಗಳಲ್ಲಿ ಅದೊಂದು ದೊಡ್ಡ ಸುಖ.

ಇದಕ್ಕೂ ದುಡಿಮೆ ಬೇಕು. ಹಳ್ಳದ ಬಾಯಿಗೆ ಇಟ್ಟ ಜಾಲರಿಯಲ್ಲಿ ದರಗು ಕಟ್ಟಿಕೊಳ್ಳುತ್ತದೆ, ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ದಿನವೂ ಹೋಗಿ ಬಿಡಿಸಬೇಕು. ಮನೆಯಲ್ಲಿ ಎಪ್ಪತ್ತು ದಾಟಿದ ದಂಪತಿ ಮಾತ್ರ ಇದ್ದು ಮಕ್ಕಳು ಬೆಂಗಳೂರಿನಲ್ಲಿದ್ದರೆ ನಾನು ಟರ್ಬೈನ್ ಹಾಕಿ ಎನ್ನುವುದಿಲ್ಲ. ಹಳ್ಳ ಜನವರಿಗೆ ಸೊರಗುತ್ತದೆ, ಅಷ್ಟರಲ್ಲಿ ಬಿಸಿಲು ತುಂಬಿರುತ್ತದೆ. ಒಂದು ಮಲಗುವ ಹೊತ್ತಿಗೆ ಇನ್ನೊಂದು ಏಳುತ್ತದೆ.

ಅಡುಗೆ ಅನಿಲದ ವಿಷಯ ಚುಟುಕಾಗಿ: ದಿನಕ್ಕೆ 50 ಕಿಲೋ ಸಗಣಿ ಸಿಗುವ ಕೊಟ್ಟಿಗೆಯಿದ್ದರೆ 2 ಘನ ಮೀಟರಿನ ಗೋಬರ್ ಗ್ಯಾಸ್ ನಡೆಯುತ್ತದೆ, ಅದು ಹದಿನಾರು ದಿನಕ್ಕೊಂದು ಸಿಲಿಂಡರಿಗೆ ಸಮ. ಹಗಲೆಲ್ಲ ಬ್ಯಾಣದಲ್ಲಿ ಮೇಯುವ ಎರಡು ಮಲೆನಾಡು ಗಿಡ್ಡ ಹಸುಗಳಿಂದ ಅಷ್ಟು ಸಗಣಿ ಹುಟ್ಟುವುದಿಲ್ಲ. ಈಗ ನಿಂತಿರುವ ಗೋಬರ್ ಗ್ಯಾಸ್ ಗುಂಡಿಗಳಲ್ಲಿ ಹೆಚ್ಚಿನವು ಕೆಟ್ಟು ನಿಂತವಲ್ಲ, ಕೊಟ್ಟಿಗೆ ಬರಿದಾಗಿ ನಿಂತವು.

ಮನೆಯ ಈ ಲೆಕ್ಕವೇ ರಾಜ್ಯದ ಮಟ್ಟದಲ್ಲೂ ನಡೆಯುತ್ತದೆ. ಜೋಗದಲ್ಲಿ 1948ರಿಂದ, ಶರಾವತಿಯ 1035 ಮೆಗಾವ್ಯಾಟಿನ ಕೇಂದ್ರದಲ್ಲಿ 1960ರ ದಶಕದಿಂದ ತಯಾರಾಗುತ್ತಿರುವ ಕರೆಂಟು ಇಂದಿಗೂ ರಾಜ್ಯದ ಅತಿ ಅಗ್ಗದ ಕರೆಂಟುಗಳಲ್ಲಿ ಒಂದು. ಅಗ್ಗವಾದದ್ದು ನಮಗೆ, ಲಿಂಗನಮಕ್ಕಿಯ ಹಿನ್ನೀರಿಗೆ ಮನೆ ಗದ್ದೆ ಕೊಟ್ಟವರ ಕುಟುಂಬಗಳು ಭೂಮಿಯ ಹಕ್ಕಿಗಾಗಿ ಇನ್ನೂ ಕಚೇರಿ ಅಲೆಯುತ್ತಿರುವುದು ಯಾವ ಯೂನಿಟ್ ದರದಲ್ಲೂ ಸೇರಿಲ್ಲ. ನಂಬಿಕೆಯ ಮಾತು ಬಂದರೆ, ಪ್ರತಿಯೊಂದು ಮೂಲವೂ ಕೈಕೊಡುವ ಕಾಲಮಾನ ಬೇರೆ. ಸೋಲಾರ್ ಗಂಟೆಯ ಲೆಕ್ಕದಲ್ಲಿ ಚಂಚಲ, ವರ್ಷದ ಲೆಕ್ಕದಲ್ಲಿ ಬಲು ಸ್ಥಿರ. ಜಲಾಶಯ ಗಂಟೆಯ ಲೆಕ್ಕದಲ್ಲಿ ಹೇಳಿದಂತೆ ಕೇಳುತ್ತದೆ, ಆದರೆ ಮುಂಗಾರು ತಪ್ಪಿದರೆ ಇಡೀ ವರ್ಷಕ್ಕೆ ಕೈಕೊಡುತ್ತದೆ. 2023ರಲ್ಲಿ ಆದದ್ದು ಇದೇ: ಆಗಸ್ಟಿನಲ್ಲಿ ಮಳೆಯಿಲ್ಲದೆ ಜಲಾಶಯಗಳು ತುಂಬಲಿಲ್ಲ, ಪಂಪ್‌ಸೆಟ್ಟುಗಳು ಮಳೆಗಾಲದಲ್ಲೇ ಓಡತೊಡಗಿದವು, ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ ಖಾಸಗಿ ಉತ್ಪಾದಕರು ರಾಜ್ಯಕ್ಕೇ ಕರೆಂಟು ಕೊಡಬೇಕೆಂದು ಆದೇಶಿಸಬೇಕಾಯಿತು. ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಘಟಕಗಳು ಇಂಥ ವರ್ಷಗಳಲ್ಲಿ ಆಧಾರವಾಗುವುದು ನಿಜ; ಆದರೆ ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ, ಹೊರಗಿನಿಂದ ರೈಲು ಬರಬೇಕು, ಆ ರೈಲೂ ಒಂದು ಮುಂಗಾರಿನಂತೆಯೇ.

ನಮ್ಮ ಗುಡ್ಡಗಳಿಗೆ ಮಳೆ ಸುರಿಸಿ ಘಟ್ಟ ದಾಟಿದ ಅದೇ ಗಾಳಿ ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಗಾಳಿಯಂತ್ರ ತಿರುಗಿಸುವುದರಿಂದ, ಮಳೆ ಸರಿಯಾಗಿ ಬಂದ ವರ್ಷ ಮಳೆಗಾಲದಲ್ಲಿ ರಾಜ್ಯಕ್ಕೆ ಹೆಚ್ಚು ಚಿಂತೆಯಿಲ್ಲ. ಕಷ್ಟವಿರುವುದು ಮಾರ್ಚಿನ ಸಂಜೆಗಳಲ್ಲಿ. ಪಾವಗಡದ 2050 ಮೆಗಾವ್ಯಾಟಿನ ಸೌರಪಾರ್ಕು ಮಧ್ಯಾಹ್ನ ಉಕ್ಕಿಸಿದ್ದನ್ನು ಸಂಜೆ ಏಳಕ್ಕೆ ಹೇಗೆ ಒಯ್ಯುವುದು? ಇದಕ್ಕೆಂದೇ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ. ಮಧ್ಯಾಹ್ನ ಐದು ಯೂನಿಟ್ ಖರ್ಚು ಮಾಡಿ ನೀರು ಮೇಲೆತ್ತಿದರೆ ಸಂಜೆ ಅದನ್ನು ಕೆಳಕ್ಕೆ ಬಿಟ್ಟಾಗ ಸುಮಾರು ನಾಲ್ಕು ಯೂನಿಟ್ ವಾಪಸ್ ಬರುತ್ತದೆ, ತಂತ್ರಜ್ಞಾನವಾಗಿ ಅದು ಒಳ್ಳೆಯದೇ. ಆದರೆ ಆ ಜಾಗ ಸಿಂಗಳೀಕಗಳ ಅಭಯಾರಣ್ಯ. ಬ್ಯಾಟರಿಯ ಬೆಲೆ ಇಳಿಯುತ್ತಿರುವ, ಅದನ್ನು ಪಾವಗಡದ ಬಯಲಿನಲ್ಲೇ ಇಡಬಹುದಾದ ಈ ಹೊತ್ತಿನಲ್ಲಿ ಕಾಡಿನೊಳಗೆ ಸುರಂಗ ಕೊರೆಯುವ ಲೆಕ್ಕವನ್ನು ಇನ್ನೊಮ್ಮೆ ಹಾಕಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ವಿದ್ಯುತ್ ಇಂಜಿನಿಯರ್ ಆಗಿ ಹೀಗೆ ಹೇಳುವುದು ನನ್ನ ಕೆಲವು ಗೆಳೆಯರಿಗೆ ಹಿಡಿಸುವುದಿಲ್ಲ.

ಹೊಸನಗರದ ಆ ಮನೆಯಲ್ಲಿ ಕೊನೆಗೆ ಇನ್‌ವರ್ಟರನ್ನು ಹೈಬ್ರಿಡ್‌ಗೆ ಬದಲಾಯಿಸಿ 5 ಯೂನಿಟ್ಟಿನ ಲಿಥಿಯಂ ಬ್ಯಾಟರಿ ಕೂರಿಸಿದೆವು. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಕೆಲಸ ಮಾಡದಿರುವುದರಿಂದ ಎರಡು ಹೊಸ ಅರ್ಥಿಂಗ್ ಗುಂಡಿಗಳನ್ನು ಬಚ್ಚಲು ನೀರು ಹರಿಯುವ ಕಡೆಗೆ ತೆಗೆಸಿದೆ. ಮುಂಗಾರುಪೂರ್ವದ ಸಿಡಿಲಿಗೆ ಸುಟ್ಟುಹೋದ ಇನ್‌ವರ್ಟರುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಹಳ್ಳದ ನೀರನ್ನು ಈ ಮಳೆಗಾಲದಲ್ಲಿ ಬಕೆಟ್ಟು, ಗಡಿಯಾರ ಹಿಡಿದು ವಾರಕ್ಕೊಮ್ಮೆ ಅಳೆದು ಬರೆದಿಡಲು ಹೇಳಿದ್ದೇನೆ, ಟರ್ಬೈನಿನ ತೀರ್ಮಾನ ಆ ಪುಸ್ತಕ ನೋಡಿದ ಮೇಲೆ. ಜನರೇಟರನ್ನು ಮಾರಲು ಬಿಡಲಿಲ್ಲ. ಅಡಿಕೆಗೊನೆ ಕೊಯ್ಲಿನ ದಿನ ಸುಲಿಯುವ ಯಂತ್ರ ಓಡುತ್ತಿರುವಾಗ ಕರೆಂಟು ಹೋದರೆ ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ, ಮತ್ತು ಆ ಪೂರ್ಣ ಹೊರೆಯಲ್ಲಿ ಡೀಸೆಲ್ ಯೂನಿಟ್ಟಿಗೆ ಮೂವತ್ತೇ ರೂಪಾಯಿ. ಇನ್ನೂರು ಲೀಟರಿನ ಬ್ಯಾರೆಲ್ ಹೋಗಿ ಈಗ ಇಪ್ಪತ್ತು ಲೀಟರಿನ ಕ್ಯಾನು ಬಂದಿದೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ ನಿಲ್ಲಿಸದಿದ್ದರೆ ಬೇಕಾದ ದಿನ ಅದು ಚಾಲೂ ಆಗುವುದಿಲ್ಲವೆಂದು ಯಜಮಾನರ ಮಗನಿಗೆ ಹೇಳಿ ಬಂದಿದ್ದೇನೆ.