ಮೋಟಾರ್ ಮಾತು ಕೇಳಲು 16 ಸೆಕೆಂಡ್

ಕಬ್ಬು ಅರೆಯುವ ಸೀಸನ್ ಶುರುವಾದರೆ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್‌ಗೆ ನೀರು ನಿಲ್ಲುವ ಹಾಗಿಲ್ಲ. ಅಂಥ ಒಂದು ಕಡೆ, ನೀರು ಕೊಡುವ ಪಂಪಿನ ಮೋಟಾರ್ ಜಾಸ್ತಿ ನಡುಗುತ್ತಿದೆ ಎಂದು ನನ್ನನ್ನು ಕರೆಸಿದ್ದರು. ನಾನು ಹೋಗುವ ಹೊತ್ತಿಗೆ ಎರಡು ಸಲ ಅಲೈನ್‌ಮೆಂಟ್, ಅಂದರೆ ಮೋಟಾರಿನ ಮತ್ತು ಪಂಪಿನ ಶಾಫ್ಟನ್ನು ಒಂದೇ ಗೆರೆಗೆ ತರುವ ಕೆಲಸ, ಮಾಡಿಸಿ ಆಗಿತ್ತು. ಅವೆರಡನ್ನು ಜೋಡಿಸುವ ಕಪ್ಲಿಂಗೂ ಹೊಸದು. ನಡುಕ ಮಾತ್ರ ಇದ್ದ ಹಾಗೇ ಇತ್ತು.

ಅಲ್ಲಿನ ಹುಡುಗರು ಲ್ಯಾಪ್‌ಟಾಪಿನಲ್ಲಿ ಸ್ಪೆಕ್ಟ್ರಮ್ ತೋರಿಸಿದರು. ಸೆಕೆಂಡಿಗೆ ಎಷ್ಟು ಸಲದ ನಡುಕ (ಹರ್ಟ್ಸ್) ಎಷ್ಟು ಜೋರಾಗಿದೆ ಎಂದು ಗೆರೆಗಳಲ್ಲಿ ತೋರಿಸುವ ಚಿತ್ರ ಅದು. 100 ಹರ್ಟ್ಸ್ ಹತ್ತಿರ ಒಂದೇ ಒಂದು ಎತ್ತರದ ಗೆರೆ. ಈ ಮೋಟಾರ್ ಓಡುವುದು ನಿಮಿಷಕ್ಕೆ 2980 ಸುತ್ತು, ಅಂದರೆ ಸೆಕೆಂಡಿಗೆ 49.67. ಅದರ ಎರಡರಷ್ಟು 99.33. ಓಡುವ ವೇಗದ ಎರಡರಷ್ಟಕ್ಕೆ ಗೆರೆ ಎದ್ದರೆ ಮೊದಲು ಅನುಮಾನ ಬರುವುದು ಅಲೈನ್‌ಮೆಂಟ್ ಮೇಲೆ. ಸಾಫ್ಟ್‌ವೇರ್ ಕೂಡ ಅದನ್ನೇ ಬರೆದು ಕೊಟ್ಟಿತ್ತು. ಹುಡುಗರು ನಂಬಿದ್ದರು.

ಆದರೆ ಅದೇ ಜಾಗಕ್ಕೆ ಇನ್ನೊಂದು ಗೆರೆಯೂ ಬರುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್ ಅಲ್ವಾ? ಮೋಟಾರಿನೊಳಗಿನ ಅಯಸ್ಕಾಂತದ ಸೆಳೆತ ಪ್ರತಿ ಸೈಕಲ್‌ಗೆ ಎರಡು ಸಲ ಏರಿ ಇಳಿಯುತ್ತದೆ. ಹಾಗಾಗಿ ಅದರ ನಡುಕ 100 ಹರ್ಟ್ಸ್. 99.33ಕ್ಕೂ 100ಕ್ಕೂ ಅಂತರ ಬರೀ 0.67. ಮೊದಲನೆಯದು ಮೆಕ್ಯಾನಿಕಲ್ ಫಿಟ್ಟರ್ ನೋಡಬೇಕಾದ್ದು. ಎರಡನೆಯದು ಹುಟ್ಟುವುದು ಮೋಟಾರಿನೊಳಗಿನ ಸೆಳೆತದಿಂದ.

ಅಲ್ಲಿನ ಹಿರಿಯ ಫಿಟ್ಟರ್ ಒಬ್ಬರು ಪಕ್ಕಕ್ಕೆ ಬಂದು, "ಸಾರ್, ಸದ್ದು ಒಂದೇ ಸಮ ಇಲ್ಲ, ಏರಿ ಏರಿ ಇಳೀತದೆ, ಕೇಳಿ" ಎಂದರು. ಕಿವಿಗೊಟ್ಟೆ. ವೂಂ... ವೂಂ... ಸುಮಾರು ಒಂದೂವರೆ ಸೆಕೆಂಡಿಗೊಮ್ಮೆ ಉಬ್ಬುತ್ತಿತ್ತು. ತಂಬೂರಿಯ ಎರಡು ತಂತಿ ಕೂದಲೆಳೆಯಷ್ಟು ಶ್ರುತಿ ತಪ್ಪಿದಾಗ ನಾದ ಹೀಗೇ ತೂಗಾಡುತ್ತದೆ. 0.67 ಹರ್ಟ್ಸ್ ಅಂತರವಿದ್ದರೆ ಒಂದೂವರೆ ಸೆಕೆಂಡಿಗೆ ಒಂದು ತೂಗು. ಇಲ್ಲಿ ಗೆರೆ ಒಂದಲ್ಲ, ಎರಡು. ಅವರ ಕಿವಿ ಹಿಡಿದದ್ದು ಸ್ಪೆಕ್ಟ್ರಮ್‌ನಲ್ಲಿ ಯಾಕೆ ಕಾಣಲಿಲ್ಲ?

ಸೆಟ್ಟಿಂಗ್ ತೆರೆದು ನೋಡಿದೆ. ಗರಿಷ್ಠ 1000 ಹರ್ಟ್ಸ್, 400 ಲೈನ್ಸ್, ಅಂದರೆ ಅಷ್ಟು ಹರವನ್ನು 400 ತುಂಡು ಮಾಡಿ ನೋಡುವುದು. ಭಾಗಿಸಿದರೆ ಒಂದೊಂದು ಲೈನ್ 2.5 ಹರ್ಟ್ಸ್ ಅಗಲ. 0.67 ಅಂತರದ ಎರಡು ಗೆರೆ ಅದರಲ್ಲಿ ಕಲೆತು ಒಂದಾಗದೆ ಏನು ಮಾಡೀತು? ಇಷ್ಟು ಅಗಲದ ಲೈನಿಗೆ ಸಾಫ್ಟ್‌ವೇರ್ ಮೋಟಾರನ್ನು ಕೇಳಿದ್ದು ಒಂದನ್ನು 2.5ರಿಂದ ಭಾಗಿಸಿದಷ್ಟು, 0.4 ಸೆಕೆಂಡ್ ಮಾತ್ರ. ಒಂದು ತೂಗು ಮುಗಿಯುವ ಮೊದಲೇ ಅಳತೆ ಮುಗಿದಿತ್ತು.

ನಾನು ಟ್ರೇನಿಂಗ್‌ನಲ್ಲಿ ಮತ್ತೆ ಮತ್ತೆ ಹೇಳುವುದು ಇದನ್ನೇ. ಎಷ್ಟು ಹೊತ್ತು ಕೇಳುತ್ತೀರೋ ಅಷ್ಟು ಸೂಕ್ಷ್ಮವಾಗಿ ಗೆರೆಗಳು ಬಿಡಿಸಿಕೊಳ್ಳುತ್ತವೆ. ಸಾವಿರ ರೂಪಾಯಿಯ ಸಾಫ್ಟ್‌ವೇರಿಗೂ ಹತ್ತು ಲಕ್ಷದ್ದಕ್ಕೂ ಇದೇ ಲೆಕ್ಕ. ಪರದೆ ಮೇಲೆ ಜೂಮ್ ಮಾಡಿದರೆ ಚಿತ್ರ ದೊಡ್ಡದಾಗುತ್ತದೆ, ಅಷ್ಟೇ. ತುಂಬಿಸಿಕೊಳ್ಳದ ಸಿಗ್ನಲ್ ಆಮೇಲೆ ಹುಟ್ಟುವುದಿಲ್ಲ.

ಗರಿಷ್ಠವನ್ನು 200 ಹರ್ಟ್ಸ್‌ಗೆ ಇಳಿಸಿ ಲೈನ್ಸ್ 3200ಕ್ಕೆ ಏರಿಸಿದೆ. ಈಗ ಒಂದು ಲೈನ್ 0.0625 ಹರ್ಟ್ಸ್, ಒಂದು ಅಳತೆಗೆ 16 ಸೆಕೆಂಡ್. ಅಷ್ಟು ಹೊತ್ತು ಲೋಡ್ ಏರುಪೇರಾಗಬಾರದು. ವೇಗ ಸ್ವಲ್ಪ ಜಾರಿದರೂ ಗೆರೆ ಹರಡಿಕೊಳ್ಳುತ್ತದೆ. ಪಂಪ್ ಆಪರೇಟರ್‌ಗೆ ವಾಲ್ವ್ ಮುಟ್ಟಬೇಡಿ ಎಂದು ಹೇಳಿ ಕಾದೆವು. ಎರಡು ಗೆರೆ ಬೇರೆ ಬೇರೆ ನಿಂತವು. 99.33ರದ್ದು ಗಿಡ್ಡ. 100ರದ್ದೇ ಎತ್ತರ.

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ದಾರಿ ಇದೆ. ಸ್ಟ್ಯಾಂಡ್‌ಬೈ ಪಂಪ್ ಓಡಿಸಿಕೊಂಡು ಈ ಮೋಟಾರಿನ ಸ್ವಿಚ್ ತೆಗೆಸಿದೆವು. ಸೆನ್ಸಾರ್ ಅಲ್ಲೇ ಅಂಟಿಕೊಂಡಿತ್ತು. ಕರೆಂಟ್ ಹೋದ ಕ್ಷಣಕ್ಕೆ ನಡುಕದ ಬಹುಪಾಲು ಮಾಯ. ಉಳಿದದ್ದು ವೇಗದ ಜೊತೆ ನಿಧಾನವಾಗಿ ಇಳಿಯಿತು. ಅಲೈನ್‌ಮೆಂಟ್ ದೋಷವಾಗಿದ್ದರೆ ಅಷ್ಟು ಥಟ್ಟನೆ ಹೋಗುತ್ತಿರಲಿಲ್ಲ.

ಮೋಟಾರ್ ನಿಂತ ಮೇಲೆ ನಾಲ್ಕು ಕಾಲಿಗೂ, ಸ್ವಲ್ಪ ಕದಲಿದರೂ ತೋರಿಸುವ ಡಯಲ್ ಗೇಜ್ ಇಟ್ಟು, ಒಂದೊಂದೇ ಬೋಲ್ಟ್ ಸಡಿಲಿಸಿ ನೋಡಿದೆವು. ಮೂರು ಕಾಲು ಕದಲಲಿಲ್ಲ. ನಾಲ್ಕನೆಯದು ಮೇಲೆದ್ದಿತು. ಆ ಕಾಲು ಬೇಸ್ ಮೇಲೆ ಸರಿಯಾಗಿ ಕೂತೇ ಇರಲಿಲ್ಲ, ಬೋಲ್ಟ್ ಅದನ್ನು ಎಳೆದು ಹಿಡಿದಿತ್ತು. ಹಾಗೆ ಎಳೆದಾಗ ಮೋಟಾರಿನ ಮೈ ತಿರುಚಿಕೊಳ್ಳುತ್ತದೆ. ಒಳಗೆ ತಿರುಗುವ ರೋಟರ್ ಸುತ್ತಲಿನ ಗಾಳಿಯ ಸಂದು ಒಂದು ಕಡೆ ಕಿರಿದಾಗಿ, ಸೆಳೆತ ಏರುಪೇರಾಗುತ್ತದೆ. ಅಲೈನ್‌ಮೆಂಟ್ ಮಾಡಿ ಪ್ರತಿ ಸಲ ಬೋಲ್ಟ್ ಬಿಗಿದಾಗಲೂ ಅದೇ ತಿರುಚು ಮರಳಿ ಬರುತ್ತಿತ್ತು. ಫೀಲರ್ ಗೇಜ್‌ನಲ್ಲಿ ಸಂದು ಅಳೆದು, ಆ ಹಿರಿಯರೇ ಶಿಮ್ (ತೆಳು ತಗಡು) ಕತ್ತರಿಸಿ ಕೂರಿಸಿದರು. ಮತ್ತೆ ಓಡಿಸಿದಾಗ 100ರ ಗೆರೆ ಅರ್ಧಕ್ಕಿಂತ ಕೆಳಗಿತ್ತು, ತೂಗಾಟವೂ ಕಿವಿಗೆ ಬೀಳಲಿಲ್ಲ.

ಎಲ್ಲ ಅಳತೆಯನ್ನೂ 16 ಸೆಕೆಂಡ್ ಮಾಡಿ ಎನ್ನುತ್ತಿಲ್ಲ. ಬೇರಿಂಗ್ ದೋಷ ಹುಡುಕುವಾಗ ಗರಿಷ್ಠವನ್ನು ಇನ್ನೂ ಮೇಲಕ್ಕೆ, ಕೆಲವು ಸಾವಿರ ಹರ್ಟ್ಸ್‌ಗೆ ಒಯ್ಯಬೇಕು. ಸೆನ್ಸಾರಿನ ಮ್ಯಾಗ್ನೆಟ್ ಕೂರುವ ಜಾಗದ ಪೇಂಟ್ ಕೆರೆಯಬೇಕು, ಇಲ್ಲವಾದರೆ ಆ ಮೇಲಿನ ಸದ್ದು ಸೆನ್ಸಾರಿಗೆ ಸರಿಯಾಗಿ ಮುಟ್ಟುವುದಿಲ್ಲ. ಸ್ಪೆಕ್ಟ್ರಮ್ ಜೊತೆಗೆ ಮೂಲ ಸಿಗ್ನಲನ್ನೂ ಸೇವ್ ಮಾಡಿ. ಅದಿದ್ದರೆ ಲೆಕ್ಕವನ್ನು ಮುಂದೆ ಬೇರೆ ರೀತಿಯಲ್ಲಿ ಹಾಕಬಹುದು.

ಆ ಕಾರ್ಖಾನೆಯ ಹುಡುಗರು ಈಗ ಎರಡು ಪೋಲ್‌ನ, ಅಂದರೆ ಇದರಂತೆ ನಿಮಿಷಕ್ಕೆ 3000ದ ಹತ್ತಿರ ಓಡುವ, ಪ್ರತಿ ಮೋಟಾರಿಗೂ ಎರಡು ಅಳತೆ ಇಟ್ಟುಕೊಂಡಿದ್ದಾರೆ. ಒಂದು 1000 ಹರ್ಟ್ಸ್‌ನದು. ಇನ್ನೊಂದು 200 ಹರ್ಟ್ಸ್, 3200 ಲೈನ್ಸ್.