ಅಲೆಹೀರುಕ: ತಡೆಯುವುದಲ್ಲ, ನುಂಗುವುದು

ಮಳೆಗಾಲದಲ್ಲಿ ನಮ್ಮ ಕರಾವಳಿಯ ಕಲ್ಲಿನ ತಡೆಗೋಡೆ ಹತ್ತಿರ ನಿಂತು ನೋಡಿ. ಅಲೆ ಬಂದು ಬಡಿಯುತ್ತದೆ, ಹೆಚ್ಚುಕಮ್ಮಿ ಅಷ್ಟೇ ಜೋರಾಗಿ ವಾಪಸ್ ಹೋಗುತ್ತದೆ. ಕಾರವಾರದ ಟಾಗೋರ್ ಬೀಚಿನ ಇಳಿಜಾರು ಮರಳು ಹತ್ತಿದ ಅಲೆ ನೊರೆಯಾಗಿ ಸೋಲುತ್ತದೆ. ಅಘನಾಶಿನಿ ಹೊಳೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹೊಕ್ಕಿತೋ, ಆಚೆ ದಂಡೆ ಮುಟ್ಟುವಾಗ ಅದರಲ್ಲಿ ಕಸುವೇ ಇರುವುದಿಲ್ಲ.

ಮೊಬೈಲ್, ವೈಫೈ, ರಾಡಾರ್ ಅಲೆಗಳಿಗೂ ಹೀಗೇ. ತಗಡು ಅವಕ್ಕೆ ಕಲ್ಲುಗೋಡೆ, ಹೊಡೆದು ಹಿಂದಕ್ಕೆ ಕಳಿಸುತ್ತದೆ. ಕಾಂಡ್ಲಾದ ಕೆಲಸ ಮಾಡುವ ವಸ್ತು ಬೇರೆ. ಅದಕ್ಕೆ ಮೈಕ್ರೋವೇವ್ ಅಬ್ಸಾರ್ಬರ್ ಎಂಬ ಹೆಸರಿದೆ. ನಾನು ಸುಮ್ನೆ ಅಲೆಹೀರುಕ ಅನ್ನುತ್ತೇನೆ.

ಹೀರಿದ ಅಲೆ ಎಲ್ಲಿಗೆ ಹೋಯಿತು? ಬಿಸಿಯಾಯಿತು, ಅಷ್ಟೇ. ಮೈಕ್ರೋವೇವ್ ಒಲೆಯಲ್ಲಿ ನಿನ್ನೆಯ ಅನ್ನ ಬಿಸಿಯಾಗುವುದೂ ಅನ್ನದೊಳಗಿನ ನೀರು ಅಲೆಯನ್ನು ಹೀರುವುದರಿಂದಲೇ. ರಾಡಾರಿನಂಥ ಕಡೆ ಈ ಬಿಸಿ ಕೈಗೆ ಗೊತ್ತಾಗದಷ್ಟು ಕಮ್ಮಿ.

ಒಳ್ಳೆಯ ಅಲೆಹೀರುಕ ಎರಡು ಕೆಲಸ ಮಾಡಬೇಕು. ಮೊದಲು ಅಲೆಯನ್ನು ಒಳಗೆ ಬಿಟ್ಟುಕೊಳ್ಳಬೇಕು, ಆಮೇಲೆ ಸುಸ್ತು ಮಾಡಬೇಕು. ಈ ಅಲೆಯಲ್ಲಿ ವಿದ್ಯುತ್ತೂ ಇದೆ, ಕಾಂತವೂ ಇದೆ. ಇಂಗಾಲದ ಪುಡಿ ವಿದ್ಯುತ್ತಿನ ದಾರಿಯಲ್ಲಿ ಸುಸ್ತು ಮಾಡುತ್ತದೆ, ಕಬ್ಬಿಣದ ಕೆಲವು ಆಕ್ಸೈಡುಗಳು ಕಾಂತದ ದಾರಿಯಲ್ಲಿ. ಕಬ್ಬಿಣ ಹಾಳೆಯಾಗಿದ್ದರೆ ಅಲೆ ಒಳಗೇ ಬರುವುದಿಲ್ಲ. ಅದನ್ನೇ ನುಣ್ಣಗೆ ಪುಡಿ ಮಾಡಿ ರಬ್ಬರಿನಲ್ಲೋ ರಾಳದಲ್ಲೋ ಕಲಸಿದರೆ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಸಬ್‌ಮರೀನಿನ ಉಸಿರುಕೊಳವೆಗೆ ರಾಡಾರ್ ಕಣ್ಣು ತಪ್ಪಿಸಲು ಇಂಥ ಹೊದಿಕೆ ಹಾಕಿದ್ದರು.

ಕಬ್ಬಿಣ, ಇಂಗಾಲ ಎರಡೂ ಕಾರ್ಖಾನೆ ಕಸದಲ್ಲಿ ಬೇಕಾದಷ್ಟಿವೆ. ಶಿರಸಿಯ ಯಾವುದಾದರೂ ವೆಲ್ಡಿಂಗ್ ಅಂಗಡಿಯ ನೆಲದ ಮೇಲೆ ಕಾಗದ ಸುತ್ತಿದ ಅಯಸ್ಕಾಂತ ಎಳೆಯಿರಿ, ಕಪ್ಪು ಪುಡಿ ಮೀಸೆಯ ಹಾಗೆ ಅಂಟಿಕೊಳ್ಳುತ್ತದೆ. ಉಕ್ಕಿನ ಕಾರ್ಖಾನೆಯಲ್ಲಿ ಕಾದ ಉಕ್ಕಿನ ಮೈಯಿಂದ ಸಿಪ್ಪೆಯಂತೆ ಉದುರುವುದೂ ಬಹುಪಾಲು ಇಂಥ ಕಬ್ಬಿಣದ ಆಕ್ಸೈಡೇ.

ನನಗೆ ಜಾಸ್ತಿ ಇಷ್ಟವಾದದ್ದು ಕೆಂಪು ಕೆಸರಿನ ಕಥೆ. ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕಸ ಇದು. ಅಲ್ಯುಮಿನಾ ಕಾರ್ಖಾನೆ ಇರುವ ಬೆಳಗಾವಿ ಘಟ್ಟ ಹತ್ತಿದರೆ ನಮಗೆ ದೂರವೇನಲ್ಲ. ಒಂದು ಟನ್ ಅಲ್ಯುಮಿನಾ ತೆಗೆದರೆ ಸುಮಾರು 1ರಿಂದ 1.5 ಟನ್ ಕೆಸರು ಉಳಿಯುತ್ತದೆ. ಕಾಸ್ಟಿಕ್ ಸೋಡಾ ಅಂಶದಿಂದ ಅದು ಬಹಳ ಕ್ಷಾರ, ಎಲ್ಲಂದರಲ್ಲಿ ಸುರಿಯುವ ಹಾಗಿಲ್ಲ. ಅದರ ಕೆಂಪು ಬಣ್ಣ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನದು. ಹೆಮಟೈಟ್ ಅಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ. ಆದರೆ ಕೆಸರನ್ನು ಇದ್ದಿಲ ಪುಡಿಯೊಂದಿಗೆ, ಅದು ನಮ್ಮ ತೆಂಗಿನ ಗರಟೆಯ ಇದ್ದಿಲೇ ಆಗಬಹುದು, ಗಾಳಿ ಜಾಸ್ತಿ ಆಡದಂತೆ ಚೆನ್ನಾಗಿ ಕಾಯಿಸಿದರೆ ಇದ್ದಿಲು ಒಂದಿಷ್ಟು ಆಮ್ಲಜನಕ ಕಿತ್ತುಕೊಳ್ಳುತ್ತದೆ. ಹೆಮಟೈಟ್ ಮ್ಯಾಗ್ನೆಟೈಟ್ ಆಗುತ್ತದೆ. ಕೆಂಪು ಹೋಗಿ ಕಪ್ಪು, ಅಯಸ್ಕಾಂತ ತಂದರೆ ಎದ್ದು ಬರುತ್ತದೆ. ಉರಿಯದೆ ಉಳಿದ ಇದ್ದಿಲೂ ಜೊತೆಗೇ ಇರುವುದರಿಂದ ಎರಡೂ ದಾರಿ ಒಂದೇ ಪುಡಿಯಲ್ಲಿ ಸಿಕ್ಕವು.

ಕಲ್ಲಿದ್ದಲಿನ ಹಾರುಬೂದಿಯದು ಅಷ್ಟು ಸಲೀಸಲ್ಲ. ಅದು ಮುಖ್ಯವಾಗಿ ಗಾಜಿನಂಥ ಸಿಲಿಕಾ, ಅಲ್ಯುಮಿನಾ. ತಾನಾಗಿ ಹೆಚ್ಚೇನೂ ಹೀರುವುದಿಲ್ಲ. ಅದರೊಳಗಿನ ಟೊಳ್ಳು ಮಣಿಗಳಿಗೆ ಕಬ್ಬಿಣ, ನಿಕ್ಕಲ್‌ನಂಥದ್ದನ್ನು ಲೇಪಿಸಿದರೆ ಹಗುರವಾದ ಅಲೆಹೀರುಕ ಆಗುತ್ತದೆ.

ಎಷ್ಟು ಅಲೆ ವಾಪಸ್ ಬಂತು ಎಂಬುದರ ಅಳತೆ ಡೆಸಿಬೆಲ್‌ನಲ್ಲಿ. ಹಿಂದೆ ತಗಡಿಟ್ಟು ಅಳೆದಾಗ ಮೈನಸ್ 10 ಬಂದರೆ 90% ಹೀರಿತು, ಮೈನಸ್ 20 ಅಂದರೆ 99%. ಮೈನಸ್ 40, 50 ಎಂದು ಹಿಗ್ಗುವ ವರದಿಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಅದು ಹೆಚ್ಚಾಗಿ ಒಂದೇ ಆವರ್ತನದಲ್ಲಿ, ಒಂದೇ ದಪ್ಪದಲ್ಲಿ ಬಂದ ಅಂಕಿ. ರಾಡಾರ್ ನಮಗೆ ಬೇಕಾದ ಆವರ್ತನದಲ್ಲೇ ಬರುತ್ತದೆ ಅಂತ ಯಾರು ಹೇಳಿದರು? ಮೈನಸ್ 10 ಆದರೂ ಅಡ್ಡಿಯಿಲ್ಲ, ಅದು ಎಷ್ಟು ಅಗಲದ ಆವರ್ತನ ಪಟ್ಟಿಯಲ್ಲಿ ಸಿಗುತ್ತದೆ ಎಂದು ಕೇಳಬೇಕು.

ಮೊಬೈಲಿಗೆ ಅಂಟಿಸುವ ‘ರೇಡಿಯೇಶನ್ ಹೀರುವ’ ಸ್ಟಿಕ್ಕರ್ ಇದೇ ವಸ್ತುವಾ ಅಂತ ಕೇಳುವವರಿದ್ದಾರೆ. ಅದು ನಿಜಕ್ಕೂ ಅಲೆ ಹೀರಿದರೆ ಟವರಿಗೆ ಸಿಗ್ನಲ್ ಕಮ್ಮಿ ಮುಟ್ಟುತ್ತದೆ, ಆಗ ಫೋನ್ ಇನ್ನೂ ಜೋರಾಗಿ ಕೂಗಬೇಕಾಗುತ್ತದೆ. ದುಡ್ಡು ಉಳಿಸಿ.

ಕಸದ್ದು ಇನ್ನೊಂದು ತಕರಾರಿದೆ. ಇವತ್ತಿನ ಲಾರಿಯ ಕೆಸರಿನಲ್ಲಿದ್ದಷ್ಟೇ ಕಬ್ಬಿಣ ನಾಳೆಯ ಲಾರಿಯಲ್ಲಿ ಇರುವುದಿಲ್ಲ. ಕೆಸರಿನಿಂದ ಇಟ್ಟಿಗೆ ಮಾಡುವವರು ಅದನ್ನು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಅಲೆಹೀರುಕ ಮಾಡುವವರು ಪ್ರತಿ ಲಾರಿಗೂ ಹೊಸದಾಗಿ ಅಳೆದು, ಬೆರಕೆ ಬದಲಿಸಿಕೊಳ್ಳಬೇಕಾಗುತ್ತದೆ.